ಅನಂತ್ ಕುಮಾರ್

ಅನಂತ್ ಕುಮಾರ್ (22 ಜುಲೈ 1959 – 12 ನವೆಂಬರ್ 2018) ಭಾರತೀಯ ಜನತಾ ಪಕ್ಷದ ಮುಖಂಡರು, ಬೆಂಗಳೂರು ದಕ್ಷಿಣ ಲೋಕಸಭಾ ಕ್ಷೇತ್ರದಿಂದ ಸತತವಾಗಿ ಆರು ಬಾರಿ ಆಯ್ಕೆಯಾದ ಸಂಸದರು ಹಾಗೂ ಕೇಂದ್ರ ಸಚಿವರು. ಹುಬ್ಬಳ್ಳಿಯ ಕಾಲೇಜಿನಲ್ಲಿ ವಿದ್ಯಾರ್ಥಿ ಸಂಘಟನೆಯ ಕಾರ್ಯಕರ್ತರಾಗಿ ಸಾರ್ವಜನಿಕ ಜೀವನ ಆರಂಭಿಸಿದ ಅವರು, ಅಟಲ್ ಬಿಹಾರಿ ವಾಜಪೇಯಿ ಮತ್ತು ನರೇಂದ್ರ ಮೋದಿ ಇಬ್ಬರ ಸಂಪುಟಗಳಲ್ಲಿಯೂ ಸೇವೆ ಸಲ್ಲಿಸಿದರು.

ಆರಂಭಿಕ ಜೀವನ

ಅನಂತ್ ಕುಮಾರ್ ಬೆಂಗಳೂರಿನ ಮಧ್ಯಮ ವರ್ಗದ ಕುಟುಂಬವೊಂದರಲ್ಲಿ ಜನಿಸಿದರು. ತಂದೆ ನಾರಾಯಣ ಶಾಸ್ತ್ರಿ ರೈಲ್ವೆ ನೌಕರರಾಗಿದ್ದರು. ತಾಯಿ ಗಿರಿಜಾ ಶಾಸ್ತ್ರಿ ಹುಬ್ಬಳ್ಳಿ-ಧಾರವಾಡ ಮಹಾನಗರ ಪಾಲಿಕೆಯ ಉಪಮೇಯರ್ ಆಗಿದ್ದರು. ಹುಬ್ಬಳ್ಳಿಯಲ್ಲಿ ಬೆಳೆದ ಅನಂತ್ ಕುಮಾರ್, ಅಲ್ಲಿನ ಕೆ.ಎಸ್. ಕಲಾ ಕಾಲೇಜಿನಿಂದ ಬಿ.ಎ. ಪದವಿಯನ್ನೂ, ಜೆ.ಎಸ್.ಎಸ್. ಕಾನೂನು ಕಾಲೇಜಿನಿಂದ ಕಾನೂನು ಪದವಿಯನ್ನೂ ಪಡೆದರು. ಆಗ ಈ ಎರಡೂ ಕಾಲೇಜುಗಳು ಕರ್ನಾಟಕ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿದ್ದವು.

ವಿದ್ಯಾರ್ಥಿ ಸಂಘಟನೆ

1949ರಲ್ಲಿ ನೋಂದಣಿಯಾದ ಅಖಿಲ ಭಾರತೀಯ ವಿದ್ಯಾರ್ಥಿ ಪರಿಷತ್ತು ಅವರ ರಾಜಕೀಯ ಪಾಠಶಾಲೆಯಾಯಿತು. 1975ರ ಜೂನ್ 25ರಂದು ಇಂದಿರಾ ಗಾಂಧಿ ಸರ್ಕಾರ ತುರ್ತು ಪರಿಸ್ಥಿತಿ ಹೇರಿದಾಗ ಅವರಿಗೆ ಇನ್ನೂ ಹದಿನಾರು ತುಂಬಿರಲಿಲ್ಲ. ಅದರ ವಿರುದ್ಧದ ಹೋರಾಟದಲ್ಲಿ ಪಾಲ್ಗೊಂಡು ಅವರು ಸೆರೆವಾಸ ಅನುಭವಿಸಿದರು. ಆ ಕಾಲದಲ್ಲಿ ಜೈಲು ಸೇರಿದ ಹಲವು ವಿದ್ಯಾರ್ಥಿಗಳು ಮುಂದಿನ ಎರಡು ಮೂರು ದಶಕಗಳಲ್ಲಿ ದೇಶದ ರಾಜಕಾರಣದ ಮುಂಚೂಣಿಗೆ ಬಂದರು.

ಅನಂತ್ ಕುಮಾರ್ ಪರಿಷತ್ತಿನ ರಾಜ್ಯ ಕಾರ್ಯದರ್ಶಿಯಾಗಿ, 1985ರಲ್ಲಿ ರಾಷ್ಟ್ರೀಯ ಕಾರ್ಯದರ್ಶಿಯಾಗಿ ಹೊಣೆ ಹೊತ್ತರು. ಅವರ ಮುಂದಾಳತ್ವ ಬೆಳೆದದ್ದು ಸಂಘಟನೆಯ ಜವಾಬ್ದಾರಿಗಳ ಮೂಲಕ. ಊರೂರು ಸುತ್ತಿ ಘಟಕಗಳನ್ನು ಕಟ್ಟುವುದು, ಕಾರ್ಯಕರ್ತರನ್ನು ಹೆಸರಿನಿಂದ ಗುರುತಿಸುವುದು, ಹೊರ ರಾಜ್ಯಗಳ ಸಂಗಡಿಗರೊಡನೆ ಸಂಪರ್ಕ ಇಟ್ಟುಕೊಳ್ಳುವುದು ಈ ಕೆಲಸದ ಭಾಗವಾಗಿದ್ದವು. ಇಲ್ಲಿ ರೂಢಿಯಾದ ಕಾರ್ಯವಿಧಾನ ಪಕ್ಷದಲ್ಲಿಯೂ ಅವರ ಬಂಡವಾಳವಾಯಿತು.

ಪಕ್ಷ ರಾಜಕಾರಣ

1987ರಲ್ಲಿ ಅವರು ಭಾರತೀಯ ಜನತಾ ಪಕ್ಷ ಸೇರಿದರು. ಆಗ ಕರ್ನಾಟಕದಲ್ಲಿ ಜನತಾ ಪಕ್ಷ ಹಾಗೂ ಕಾಂಗ್ರೆಸ್ ಪ್ರಬಲವಾಗಿದ್ದು, ಬಿಜೆಪಿಯ ನೆಲೆ ಕಿರಿದಾಗಿತ್ತು. ಯುವ ಮೋರ್ಚಾದ ರಾಜ್ಯಾಧ್ಯಕ್ಷರಾಗಿ ಆರಂಭಿಸಿ, 1996ರಲ್ಲಿ ಅವರು ಪಕ್ಷದ ರಾಷ್ಟ್ರೀಯ ಕಾರ್ಯದರ್ಶಿಯಾದರು. ಬಿ.ಎಸ್. ಯಡಿಯೂರಪ್ಪ ಅವರೊಂದಿಗೆ ರಾಜ್ಯದಲ್ಲಿ ಪಕ್ಷವನ್ನು ಬೆಳೆಸಿದವರಲ್ಲಿ ಅವರೂ ಪ್ರಮುಖರು.

2003ರಲ್ಲಿ ಅವರು ರಾಜ್ಯ ಘಟಕದ ಅಧ್ಯಕ್ಷರಾದರು. 2004ರ ವಿಧಾನಸಭಾ ಚುನಾವಣೆಯಲ್ಲಿ ಬಿಜೆಪಿ 224 ಸ್ಥಾನಗಳ ಪೈಕಿ 79ರಲ್ಲಿ ಗೆದ್ದು, ಮೊದಲ ಬಾರಿಗೆ ಅತಿ ದೊಡ್ಡ ಪಕ್ಷವಾಯಿತು. ಅದೇ ವರ್ಷ ಲೋಕಸಭೆಗೆ ರಾಜ್ಯದ 28 ಸ್ಥಾನಗಳಲ್ಲಿ 18 ಪಕ್ಷದ ಪಾಲಾದವು. ಆದರೆ ಕಾಂಗ್ರೆಸ್ ಮತ್ತು ಜಾತ್ಯತೀತ ಜನತಾದಳ ಕೈಜೋಡಿಸಿದ್ದರಿಂದ ಅಧಿಕಾರ ಕೈತಪ್ಪಿತು. ಬಳಿಕ ಅನಂತ್ ಕುಮಾರ್ ರಾಷ್ಟ್ರೀಯ ಪ್ರಧಾನ ಕಾರ್ಯದರ್ಶಿಯಾಗಿ ದೆಹಲಿಗೆ ತೆರಳಿ, ಮಧ್ಯಪ್ರದೇಶ ಮೊದಲಾದ ರಾಜ್ಯಗಳ ಉಸ್ತುವಾರಿ ನೋಡಿಕೊಂಡರು. 2008ರಲ್ಲಿ ಯಡಿಯೂರಪ್ಪ ಮುಖ್ಯಮಂತ್ರಿಯಾಗಿ ಪಕ್ಷದ ಮೊದಲ ಸರ್ಕಾರ ರಚನೆಯಾಯಿತು. ಮುಖ್ಯಮಂತ್ರಿ ಸ್ಥಾನಕ್ಕೆ ಅನಂತ್ ಕುಮಾರ್ ಅವರ ಹೆಸರು ಹಲವು ಬಾರಿ ಕೇಳಿಬಂದರೂ ಅವರು ಆ ಹುದ್ದೆಗೇರಲಿಲ್ಲ. ದೆಹಲಿಯಲ್ಲಿ ಪ್ರಭಾವಿಯಾಗಿದ್ದ ಈ ನಾಯಕರಿಗೆ ತವರು ರಾಜ್ಯದ ಅಧಿಕಾರ ಕೊನೆಯವರೆಗೂ ದಕ್ಕಲಿಲ್ಲ.

ಸಂಸತ್ತಿನಲ್ಲಿ

ಬೆಂಗಳೂರು ದಕ್ಷಿಣದಲ್ಲಿ 1991ರಲ್ಲಿ ಅರ್ಥಶಾಸ್ತ್ರಜ್ಞ ಕೆ. ವೆಂಕಟಗಿರಿಗೌಡರು ಬಿಜೆಪಿಯಿಂದ ಗೆದ್ದಿದ್ದರು. 1996ರಲ್ಲಿ ಅದೇ ಕ್ಷೇತ್ರದಿಂದ ಅನಂತ್ ಕುಮಾರ್ ಲೋಕಸಭೆ ಪ್ರವೇಶಿಸಿದರು. ನಂತರ 1998, 1999, 2004, 2009 ಮತ್ತು 2014ರ ಚುನಾವಣೆಗಳಲ್ಲಿಯೂ ಮರು ಆಯ್ಕೆಯಾದರು. 2009ರಲ್ಲಿ ಕಾಂಗ್ರೆಸ್ಸಿನ ಕೃಷ್ಣ ಬೈರೇಗೌಡ ಅವರೆದುರು ಗೆಲುವಿನ ಅಂತರ 37 ಸಾವಿರದಷ್ಟಿತ್ತು. 2014ರಲ್ಲಿ ಇನ್ಫೋಸಿಸ್ ಸಹ-ಸಂಸ್ಥಾಪಕ ನಂದನ್ ನಿಲೇಕಣಿ ಅವರನ್ನು 2.28 ಲಕ್ಷಕ್ಕೂ ಹೆಚ್ಚು ಮತಗಳಿಂದ ಸೋಲಿಸಿದರು.

1998ರಲ್ಲಿ ನಾಗರಿಕ ವಿಮಾನಯಾನ ಸಚಿವರಾದಾಗ ಅವರು ವಾಜಪೇಯಿ ಸಂಪುಟದ ಅತಿ ಕಿರಿಯ ಸದಸ್ಯರಾಗಿದ್ದರು. ಬಳಿಕ ಪ್ರವಾಸೋದ್ಯಮ, ಸಂಸ್ಕೃತಿ, ನಗರಾಭಿವೃದ್ಧಿ ಮುಂತಾದ ಖಾತೆಗಳನ್ನು ನಿರ್ವಹಿಸಿದರು. 2012ರಲ್ಲಿ ವಿಶ್ವಸಂಸ್ಥೆಯಲ್ಲಿ ಕನ್ನಡದಲ್ಲಿ ಮಾತನಾಡಿದರು. ಅಲ್ಲಿ ಕನ್ನಡದಲ್ಲಿ ಭಾಷಣ ಮಾಡಿದ ಮೊದಲಿಗರೆಂದು ಅವರನ್ನು ಗುರುತಿಸಲಾಗುತ್ತದೆ.

2014ರಲ್ಲಿ ಅವರಿಗೆ ರಾಸಾಯನಿಕ ಮತ್ತು ರಸಗೊಬ್ಬರ ಖಾತೆ ದೊರೆಯಿತು. ಅವರ ಅವಧಿಯಲ್ಲಿ ದೇಶದ ಯೂರಿಯಾಕ್ಕೆ ಬೇವಿನ ಲೇಪನ ಕಡ್ಡಾಯವಾಯಿತು ಮತ್ತು ಜನೌಷಧಿ ಮಳಿಗೆಗಳ ಜಾಲ ವಿಸ್ತರಿಸಿತು. 2017ರ ಫೆಬ್ರವರಿಯಲ್ಲಿ ಹೃದಯದ ಸ್ಟೆಂಟ್‌ಗಳಿಗೂ, ಆಗಸ್ಟ್‌ನಲ್ಲಿ ಮಂಡಿಯ ಕೃತಕ ಕೀಲುಗಳಿಗೂ ಗರಿಷ್ಠ ದರ ನಿಗದಿಯಾಯಿತು. ಔಷಧ ಲೇಪಿತ ಸ್ಟೆಂಟ್‌ನ ದರವನ್ನು ಆರಂಭದಲ್ಲಿ 29,600 ರೂಪಾಯಿಗಳಿಗೆ ಮಿತಿಗೊಳಿಸಲಾಗಿತ್ತು.

2016ರ ಜುಲೈನಲ್ಲಿ ಸಂಸದೀಯ ವ್ಯವಹಾರಗಳ ಖಾತೆಯೂ ಅವರ ಪಾಲಿಗೆ ಬಂದಿತು. ರಾಜ್ಯಸಭೆಯಲ್ಲಿ ಸರ್ಕಾರಕ್ಕೆ ಬಹುಮತ ಇಲ್ಲದ ಕಾಲವದು. ಅದೇ ಆಗಸ್ಟ್‌ನಲ್ಲಿ ಸರಕು ಮತ್ತು ಸೇವಾ ತೆರಿಗೆಗೆ ಸಂಬಂಧಿಸಿದ ಸಂವಿಧಾನ ತಿದ್ದುಪಡಿ ಮಸೂದೆಗೆ ಆ ಸದನದ ಅನುಮೋದನೆ ದೊರೆಯಿತು. ವಿರೋಧ ಪಕ್ಷಗಳ ನಾಯಕರೊಂದಿಗೆ ಅವರು ಹೊಂದಿದ್ದ ಸ್ನೇಹ ಈ ಹೊಣೆಯಲ್ಲಿ ನೆರವಾಯಿತು.

ನಿಧನ ಮತ್ತು ನಂತರ

ಶ್ವಾಸಕೋಶದ ಕ್ಯಾನ್ಸರ್‌ನಿಂದ ಬಳಲುತ್ತಿದ್ದ ಅನಂತ್ ಕುಮಾರ್, 2018ರ ನವೆಂಬರ್ 12ರಂದು ಬೆಂಗಳೂರಿನಲ್ಲಿ ಸಚಿವರಾಗಿರುವಾಗಲೇ ನಿಧನರಾದರು. ಪತ್ನಿ ತೇಜಸ್ವಿನಿ ಅನಂತ್ ಕುಮಾರ್ ಅವರು ಶಾಲಾ ಮಕ್ಕಳಿಗೆ ಮಧ್ಯಾಹ್ನದ ಊಟ ಒದಗಿಸುವ ಅದಮ್ಯ ಚೇತನ ಸಂಸ್ಥೆಯನ್ನು ಮುನ್ನಡೆಸುತ್ತಿದ್ದಾರೆ.

2019ರ ಚುನಾವಣೆಯಲ್ಲಿ ತೇಜಸ್ವಿನಿ ಅವರು ಅಭ್ಯರ್ಥಿಯಾಗುವರೆಂಬ ನಿರೀಕ್ಷೆಯಿತ್ತು. ಪಕ್ಷವು 28 ವರ್ಷದ ವಕೀಲ ತೇಜಸ್ವಿ ಸೂರ್ಯ ಅವರಿಗೆ ಟಿಕೆಟ್ ನೀಡಿತು. ಅವರೂ ವಿದ್ಯಾರ್ಥಿ ಪರಿಷತ್ತಿನ ಹಿನ್ನೆಲೆಯವರು. ಅವರು 3.31 ಲಕ್ಷಕ್ಕೂ ಹೆಚ್ಚು ಮತಗಳ ಅಂತರದಿಂದ ಗೆದ್ದು, 2020ರಲ್ಲಿ ಯುವ ಮೋರ್ಚಾದ ರಾಷ್ಟ್ರೀಯ ಅಧ್ಯಕ್ಷರಾದರು.