ಪಶ್ಮಿ ಮರಿ ಬೆರಕೆಯೇ?

ಬಸವಕಲ್ಯಾಣ ತಾಲ್ಲೂಕಿನ ರಾಜೇಶ್ವರದ ಮನೆಯೊಂದರಲ್ಲಿ ನಾಯಿಮರಿಯ ಕೂದಲಿನ ಬಗ್ಗೆ ವಾಗ್ವಾದ ನಡೆದಿತ್ತು. ತಂದೆ, ತಾಯಿ ಎರಡೂ ನುಣುಪು ಮೈಯ ಬೇಟೆನಾಯಿಗಳು. ಆದರೆ ಬೆಳೆದಂತೆ ಒಂದು ಮರಿಯ ಕಿವಿ, ಬಾಲ, ಕಾಲುಗಳಲ್ಲಿ ರೇಷ್ಮೆಯಂಥ ಕೂದಲು ಇಳಿಬಿದ್ದಿತು. ‘ಇದು ಬೆರಕಿ ಅದ ರೀ’ ಎಂದು ಕೊಳ್ಳಲು ಬಂದವರು ಹಿಂದೆ ಸರಿದರು. ‘ನಮ್ಮ ನಾಯಿ ಮನಿ ಬಿಟ್ಟು ಎಲ್ಲೂ ಹೋಗಿಲ್ಲ’ ಎಂಬುದು ಮನೆಯವರ ಉತ್ತರ.

ಯಾರ ಮಾತು ನಿಜ?

ಈ ನಾಯಿಗೆ ಹೆಸರುಗಳೇ ಹಲವು. ಗಡಿಯಾಚೆಯ ಮರಾಠಿ ಹಳ್ಳಿಗಳಲ್ಲಿ ಕಾರವಾನಿ. ವ್ಯಾಪಾರಿ ತಂಡಗಳ ಜತೆ ಪಶ್ಚಿಮದಿಂದ ಬಂದದ್ದು ಎಂಬ ನಂಬಿಕೆ ಆ ಹೆಸರಿನಲ್ಲಿದೆ. ಮುಧೋಳ ಸಂಸ್ಥಾನದ ಮಾಲೋಜಿರಾವ್ ಘೋರ್ಪಡೆ ಅವರು ಇದನ್ನು ಪೋಷಿಸಿ, ಐದನೇ ಜಾರ್ಜ್ ದೊರೆಗೂ ಜೋಡಿಯೊಂದನ್ನು ಕೊಟ್ಟ ಮೇಲೆ ‘ಮುಧೋಳ’ ಎಂಬ ಹೆಸರು ಗಟ್ಟಿಯಾಯಿತು. 2005ರಲ್ಲಿ ಅಂಚೆಚೀಟಿಯ ಮೇಲೂ ಬಂತು. ಕೆನಲ್ ಕ್ಲಬ್ ಆಫ್ ಇಂಡಿಯಾದ ದಾಖಲೆಯಲ್ಲಿ ಮಾತ್ರ ಇದು ಕ್ಯಾರವಾನ್ ಹೌಂಡ್.

ಅರಮನೆಗೂ ಕ್ಲಬ್ಬಿಗೂ ಮೆಚ್ಚುಗೆಯಾದದ್ದು ನುಣುಪು ಮೈ. ಕೂದಲುಳ್ಳದ್ದನ್ನು ಜನ ಪಶ್ಮಿ ಎಂದರು. ಪಾರ್ಸಿಯಲ್ಲಿ ಪಶ್ಮ್ ಎಂದರೆ ಉಣ್ಣೆ. ಪಶ್ಮೀನಾ ಶಾಲಿನ ಹೆಸರೂ ಅದರಿಂದಲೇ ಬಂದದ್ದು. 1956ರವರೆಗೆ ಹೈದರಾಬಾದ್ ರಾಜ್ಯದ ಭಾಗವಾಗಿದ್ದ ಬೀದರ್ ಸೀಮೆಗೆ ಇಂಥ ಮಾತು ಹೊಸದಲ್ಲ.

ಉತ್ತರಕ್ಕೆ ಜರ್ಮನಿಯ ಗಿಡ್ಡ ಕಾಲಿನ ಡ್ಯಾಷ್‌ಹಂಡ್ ನೆರವಾಗುತ್ತದೆ. ಬಿಲ ಹೊಕ್ಕು ಬ್ಯಾಡ್ಜರ್ ಪ್ರಾಣಿಯನ್ನು ಹಿಡಿಯಲು ಸಾಕಿದ ಈ ನಾಯಿಗೆ ಮೂರು ಬಗೆಯ ಮೈ: ನುಣುಪು, ಉದ್ದಗೂದಲು, ತಂತಿಯಂಥ ಒರಟುಗೂದಲು. ಮೂರನೆಯದು ಟೆರಿಯರ್, ಷ್ನೌಟ್ಸರ್ ಜಾತಿಗಳ ಬೆರಕೆಯಿಂದಲೇ ಬಂದದ್ದು! ಮುಳ್ಳುಪೊದೆಯಲ್ಲಿ ಮೈ ಗೀರದಿರಲೆಂದು ಬೇಟೆಗಾರರು ಬೇಕೆಂದೇ ಬೆರೆಸಿದರು. ಈಗ ಅದೇ ಶುದ್ಧ ತಳಿ.

2009ರಲ್ಲಿ ವಿಜ್ಞಾನಿಗಳು 80 ತಳಿಗಳ ಸಾವಿರಕ್ಕೂ ಹೆಚ್ಚು ನಾಯಿಗಳನ್ನು ಪರೀಕ್ಷಿಸಿದರು. ಡ್ಯಾಷ್‌ಹಂಡ್ ಅವುಗಳಲ್ಲಿ ಮುಖ್ಯವಾದುದು. ಮೈಗೂದಲಿನ ವೈವಿಧ್ಯದಲ್ಲಿ ಹೆಚ್ಚಿನದು ಮೂರೇ ವಂಶವಾಹಿಗಳ ಆಟ ಎಂದು ಗೊತ್ತಾಯಿತು. ತಂತಿಗೂದಲು ಮತ್ತು ಗಡ್ಡಮೀಸೆ ಪ್ರಬಲ ಗುಣ. ತಂದೆ ತಾಯಿಯರಲ್ಲಿ ಒಬ್ಬರಿಂದ ಬಂದರೂ ಸಾಕು, ಕಾಣುತ್ತದೆ. ಉದ್ದಗೂದಲು ಹಾಗಲ್ಲ, ಇಬ್ಬರಿಂದಲೂ ಬರಬೇಕು. ಒಂದೇ ಪ್ರತಿಯಿದ್ದರೆ ನುಣುಪು ಮೈಯೊಳಗೆ ತಲೆಮಾರುಗಟ್ಟಲೆ ಅಡಗಿರುತ್ತದೆ. ಅಂಥ ಎರಡು ನಾಯಿ ಕೂಡಿದರೆ ಸರಾಸರಿ ನಾಲ್ಕು ಮರಿಗೊಂದು ಕೂದಲಿನದು. ಪರನಾಯಿಯ ನೆರಳೂ ಬೇಕಿಲ್ಲ.

ಆದ್ದರಿಂದ ಕೂದಲು ನೋಡಿದೊಡನೆ ಬೆರಕೆ ಎನ್ನುವುದು ಸಲ್ಲದು. ಅಂಥ ಮರಿಗಳನ್ನು ಕೈಬಿಟ್ಟ ಮಾತ್ರಕ್ಕೆ ಗುಣ ಅಳಿಯುವುದೂ ಇಲ್ಲ. ನುಣುಪು ಮೈಯ ಒಡಹುಟ್ಟುಗಳಲ್ಲಿ ಅದು ಉಳಿದೇ ಇರುತ್ತದೆ. ಕಳೆದುಹೋಗುವುದು ಒಳ್ಳೆಯ ಓಟಗಾರ ನಾಯಿ ಅಷ್ಟೇ. 1972ರ ವನ್ಯಜೀವಿ ಕಾಯ್ದೆಯ ನಂತರ ಮೊಲದ ಬೇಟೆಯ ಕೆಲಸ ಹೋಗಿ, ಈಗ ನಾಯಿಯ ಬೆಲೆ ಕಟ್ಟುವುದು ಹೆಚ್ಚಾಗಿ ರೂಪ ನೋಡಿಯೇ.

ಬೀದರ್‌ನ ಪಶುವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ಮುಧೋಳ ಬಳಿಯ ತಿಮ್ಮಾಪುರದಲ್ಲಿ ಶ್ವಾನ ಸಂಶೋಧನಾ ಕೇಂದ್ರವಿದೆ. ರಾಜೇಶ್ವರದ ಮನೆಯವರಿಗೆ ಅದನ್ನು ಹೇಳಿದಾಗ ನಕ್ಕರು. ಮರಿಯನ್ನು ಅಷ್ಟರಲ್ಲೇ ಕುರಿ ಕಾಯಲು ಹಟ್ಟಿಗೆ ಕಳಿಸಿಯಾಗಿತ್ತು.