ತೊಲೆಗೆ ಅಂಟಿಸಿದ ನಾರು: ಇಬಾಖ್ ಸೇತುವೆಯ ದುರಸ್ತಿಯ ಐತಿಹಾಸಿಕ ಮಹತ್ತ್ವ

ಕಟ್ಟಡಗಳ ಇತಿಹಾಸವನ್ನು ಬರೆಯುವವರು ನಿರ್ಮಾಣಕ್ಕೆ ಕೊಟ್ಟಷ್ಟು ಗಮನವನ್ನು ದುರಸ್ತಿಗೆ ಕೊಡುವುದು ವಿರಳ. ಆದರೆ ಒಂದು ಸಮಾಜವು ತಾನು ಕಟ್ಟಿದ್ದನ್ನು ಹೇಗೆ ಉಳಿಸಿಕೊಂಡಿತೆಂಬುದೂ ಇತಿಹಾಸದ ವಿಷಯವೇ. ಈ ದೃಷ್ಟಿಯಿಂದ, ಕಾಂಕ್ರೀಟು ತೊಲೆಗಳಿಗೆ ಹೊರಗಿನಿಂದ ನಾರಿನ ಪಟ್ಟಿಗಳನ್ನು ಅಂಟಿಸಿ ಬಲಪಡಿಸುವ ವಿಧಾನವು ಬಳಕೆಗೆ ಬಂದ ಬಗೆಯನ್ನು ಇಲ್ಲಿ ಸಂಗ್ರಹವಾಗಿ ಪರಿಶೀಲಿಸುತ್ತೇವೆ.

ಕಾಂಕ್ರೀಟು ಒತ್ತಡವನ್ನು ತಾಳಬಲ್ಲುದು; ಸೆಳೆತವನ್ನು ತಾಳಲಾರದು. ಭಾರ ಹೊತ್ತ ತೊಲೆಯು ಬಾಗಿದಾಗ ಅದರ ತಳದಲ್ಲಿ ಸೆಳೆತ ಹುಟ್ಟುವುದರಿಂದ ಅಲ್ಲಿ ಉಕ್ಕಿನ ಸರಳುಗಳನ್ನು ಹುದುಗಿಸುವುದು ರೂಢಿ. ಅವು ಸಾಲದಾದಾಗ ತಳಕ್ಕೆ ಎಪಾಕ್ಸಿ ಅಂಟಿನಿಂದ ಉಕ್ಕಿನ ಫಲಕಗಳನ್ನು ಕೂಡಿಸುವ ಪದ್ಧತಿಯು 1960ರ ದಶಕದಲ್ಲಿ ಫ್ರಾನ್ಸ್ ಮತ್ತು ದಕ್ಷಿಣ ಆಫ್ರಿಕಗಳಲ್ಲಿ ಕಾಣಿಸಿಕೊಂಡಿತು. ಅದರ ದೋಷಗಳು ಎರಡು: ಅಂಟಿನ ಮರೆಯಲ್ಲಿ ಉಕ್ಕಿಗೆ ತುಕ್ಕು ಹಿಡಿಯುವುದು, ಭಾರವಾದ ಫಲಕಗಳನ್ನು ಎತ್ತಿ, ಅಂಟು ಗಟ್ಟಿಯಾಗುವವರೆಗೆ ಒತ್ತಿಹಿಡಿಯಲು ಸಾರುವೆ ಬೇಕಾಗುವುದು. 1980ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ಎಂಪಾ ಸಂಶೋಧನಾಲಯದ ಉರ್ಸ್ ಮೈಯರ್ ಮತ್ತು ಸಂಗಡಿಗರು ಉಕ್ಕಿಗೆ ಬದಲಾಗಿ ಕಾರ್ಬನ್ ನಾರಿನ ಪಟ್ಟಿಗಳನ್ನು ಪರೀಕ್ಷಿಸಿದರು.

ಈ ಪ್ರಯೋಗಕ್ಕೆ ಸೇತುವೆಯೊಂದರ ಮೇಲೆ ಅವಕಾಶವನ್ನು ಒದಗಿಸಿದುದು ಒಂದು ಆಕಸ್ಮಿಕ. ಲುಸರ್ನ್ ಪ್ರಾಂತದಲ್ಲಿ 1969ರಲ್ಲಿ ಮುಗಿದ, 228 ಮೀಟರು ಉದ್ದದ ಇಬಾಖ್ ಸೇತುವೆಗೆ ಸಂಚಾರದೀಪಗಳನ್ನು ಅಳವಡಿಸಲು ರಂಧ್ರ ಕೊರೆಯುವಾಗ, ತೊಲೆಯೊಳಗೆ ಬಿಗಿದಿದ್ದ ಉಕ್ಕಿನ ತಂತಿಗಳಲ್ಲಿ ಕೆಲವು ತುಂಡಾದವು. ಅತಿಭಾರದ ವಾಹನಗಳಿಗೆ ಅನುಮತಿ ನಿಂತಿತು. 1991ರಲ್ಲಿ ದುರಸ್ತಿ ನಡೆದಾಗ, 175 ಕಿಲೋಗ್ರಾಂ ಉಕ್ಕು ಬೇಕಾಗುತ್ತಿದ್ದ ಕಡೆ 6.2 ಕಿಲೋಗ್ರಾಂ ತೂಕದ ನಾರಿನ ಪಟ್ಟಿಗಳು ಸಾಕಾದವು. ಕೆಳಗೆ ಹೆದ್ದಾರಿ ಇದ್ದುದರಿಂದ ರಾತ್ರಿಯಲ್ಲಿ ಮಾತ್ರ ಕೆಲಸ ಸಾಧ್ಯವಿತ್ತು; ಸಾರುವೆಯನ್ನು ಕಟ್ಟದೆ, ಚಲಿಸುವ ಅಟ್ಟಣೆಯ ಮೇಲಿಂದಲೇ ಅದು ನೆರವೇರಿತು. ಬಳಿಕ 84 ಟನ್ನಿನ ವಾಹನದ ಭಾರ ಹೊರಿಸಿ ಪರೀಕ್ಷಿಸಲಾಯಿತು, ಫಲಿತಾಂಶ ತೃಪ್ತಿಕರವಾಗಿತ್ತು.

ಈ ವಿಧಾನದ ಯಶಸ್ಸನ್ನು ನಾರಿನ ಬಲವೊಂದಕ್ಕೇ ಆರೋಪಿಸುವುದು ಸರಿಯಲ್ಲವೆಂದು ನಮಗೆ ತೋರುತ್ತದೆ. ಆ ಬಲವು ಪೂರ್ಣವಾಗಿ ಬಳಕೆಗೆ ಬರುವುದೇ ಅಪರೂಪ. ನಾರು ಹರಿಯುವ ಮುನ್ನವೇ ಪಟ್ಟಿಯು ಕಾಂಕ್ರೀಟಿನ ಮೇಲ್ಪದರವನ್ನು ಕಿತ್ತುಕೊಂಡು ಬಿಟ್ಟುಬರುವುದುಂಟು. ಹೊಸ ನಾರು ಹಳೆಯ ಕಾಂಕ್ರೀಟಿನ ಗಟ್ಟಿತನವನ್ನೇ ಆಶ್ರಯಿಸಿರುತ್ತದೆ. ತೂಕಕ್ಕೆ ತೂಕ ಉಕ್ಕಿಗಿಂತ ಎಷ್ಟೋ ಪಾಲು ದುಬಾರಿಯಾದ ಈ ವಸ್ತುವನ್ನು ಗ್ರಾಹ್ಯವಾಗಿಸಿದುದು ಅದರ ಹಗುರತನ, ತುಕ್ಕು ಹಿಡಿಯದ ಗುಣ, ಅವುಗಳಿಂದ ಉಳಿದ ಸಾರುವೆ, ಕೂಲಿ ಮತ್ತು ಕಾಲ. ಆದುದರಿಂದ ಈ ವಿಧಾನದ ಇತಿಹಾಸವನ್ನು ಬರೆಯುವವರು ಪ್ರಯೋಗಶಾಲೆಯ ಲೆಕ್ಕದೊಡನೆ ಸೇತುವೆಯಡಿಯ ರಾತ್ರಿಯ ದುಡಿಮೆಯನ್ನೂ ಗಣನೆಗೆ ತಂದುಕೊಳ್ಳಬೇಕು.