ಕೊಬ್ಬರಿಯ ಹಡಗೂ ಒಂಟಿ ಯಾತ್ರಿಕರೂ

ನಡುವಯಸ್ಸನ್ನು ಮುಟ್ಟಿದವನೊಬ್ಬನು, ಮಿತವಾದ ಹಣವನ್ನು ಕೈಯಲ್ಲಿ ಹಿಡಿದು, ಜೊತೆಗಾರರ ಹಂಗಿಲ್ಲದೆ ಪೆಸಿಫಿಕ್ ಮಹಾಸಾಗರದ ದ್ವೀಪಗಳನ್ನು ಸುತ್ತಿಬರಬೇಕೆಂದು ಸಂಕಲ್ಪಿಸಿ ಭೂಪಟವನ್ನು ಹರಡಿ ಕುಳಿತನೆಂದರೆ, ಆತನ ಉತ್ಸಾಹವನ್ನು ಮೊದಲು ಪರೀಕ್ಷಿಸುವುದು ಆ ಪಟದಲ್ಲಿ ಕಾಣುವ ನೀಲಿಯ ವಿಸ್ತಾರ. ಕಿರಿಬಾತಿಯೆಂಬ ಒಂದು ರಾಷ್ಟ್ರವನ್ನೇ ನೋಡಿರಿ: ಅದರ 33 ದ್ವೀಪಗಳ ನೆಲವನ್ನೆಲ್ಲ ಕೂಡಿಸಿದರೆ 811 ಚದರ ಕಿಲೋಮೀಟರು, ಆ ನೆಲದ ಚೂರುಗಳು ಚದರಿಹೋಗಿರುವ ಸಮುದ್ರವೋ ಇಡೀ ಭಾರತಕ್ಕಿಂತ ವಿಶಾಲವಾದುದು. ಇಂತಹ ಕಡೆ ಬೆರಳೆಣಿಕೆಯ ಪ್ರಯಾಣಿಕರ ಸಲುವಾಗಿ ಯಾರು ತಾನೆ ಹಡಗನ್ನೋ ವಿಮಾನವನ್ನೋ ಓಡಿಸಿಯಾರು? ಆದರೂ ಕಳೆದ ನೂರೈವತ್ತು ವರ್ಷಗಳಲ್ಲಿ ಸ್ವಲ್ಪ ಹಣದವರು, ಅದರಲ್ಲೂ ನಲವತ್ತು ದಾಟಿದ ಒಂಟಿಗರು, ಅಲ್ಲಿಗೆ ಹೋಗಿದ್ದಾರೆ, ಸುತ್ತಿದ್ದಾರೆ, ಕೆಲವರು ಹಿಂದಿರುಗಿಯೂ ಇದ್ದಾರೆ. ಅವರ ಖರ್ಚಿನ ಪುಸ್ತಕವನ್ನು ಬಿಡಿಸಿ ನೋಡಿದರೆ, ಹಣದ ಕೊರತೆಯನ್ನು ತುಂಬಿಕೊಟ್ಟುದು ಒಂದು ಪಾಲು ಸರಕುಹಡಗು, ಒಂದು ಪಾಲು ಅವರು ಧಾರಾಳವಾಗಿ ವ್ಯಯಮಾಡಿದ ಕಾಲ, ಮಿಕ್ಕುದೆಲ್ಲ ದ್ವೀಪವಾಸಿಗಳ ಅನ್ನ. ಈ ಮೂರನೆಯ ಬಾಬ್ತನ್ನು ಅವರಲ್ಲಿ ಹಲವರು ಲೆಕ್ಕಕ್ಕೆ ಬರೆಯಲಿಲ್ಲ.

ಸರಕೆಂದರೆ ಕೊಬ್ಬರಿ. ಹ್ಯಾಂಬರ್ಗ್ ನಗರದ ಗೊಡೆಫ್ರಾಯ್ ಎಂಬ ವ್ಯಾಪಾರಸಂಸ್ಥೆ ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಸಮೋವದ ಅಪಿಯಾದಲ್ಲಿ ನೆಲೆಯೂರಿ, ದ್ವೀಪದಲ್ಲೇ ಎಣ್ಣೆ ತೆಗೆಸುವ ಹಳೆಯ ರೂಢಿಗೆ ಪ್ರತಿಯಾಗಿ ತೆಂಗಿನ ತಿರುಳನ್ನು ಒಣಗಿಸಿ ಯೂರೋಪಿಗೆ ಸಾಗಿಸುವ ಪದ್ಧತಿಯನ್ನು ಬಳಕೆಗೆ ತಂದ ಮೇಲೆ, ಸಾಬೂನು, ಮೇಣದಬತ್ತಿಗಳ ಕಾರ್ಖಾನೆಗಳ ಹಸಿವಿಗೆ ಅನುಗುಣವಾಗಿ ಹಾಯಿಹಡಗುಗಳು ಒಂದೊಂದು ಹವಳದ್ವೀಪಕ್ಕೂ ಅಲೆಯತೊಡಗಿದುವು. ಹಿಟ್ಟು, ಬಟ್ಟೆ, ಸೀಮೆಎಣ್ಣೆ, ಡಬ್ಬಿಯ ಮಾಂಸ ಇವುಗಳನ್ನಿಳಿಸಿ ಮೂಟೆಗಟ್ಟಲೆ ಕೊಬ್ಬರಿಯನ್ನು ಹೇರಿಕೊಂಡು ಹೊರಡುವ ಆ ಹಡಗಿನ ಡೆಕ್ಕಿನ ಮೇಲೆ ಚಾಪೆ ಹಾಸಿಕೊಳ್ಳುವಷ್ಟು ಜಾಗವೇ ಬಡಯಾತ್ರಿಕನ ಪಾಲಿನ ಪ್ರಥಮ ದರ್ಜೆ. ತಿಪಟೂರಿನ ಮಂಡಿಯಲ್ಲಿ ತಿಂಗಳುಗಟ್ಟಲೆ ಅಟ್ಟದಲ್ಲಿ ಮಾಗಿದ ಉಂಡೆಕೊಬ್ಬರಿಯ ಕಂಪನ್ನು ಕಂಡ ನಮ್ಮವರು ಅಲ್ಲಿಯದನ್ನೂ ಹಾಗೆಯೇ ಎಂದು ಭಾವಿಸಬಾರದು. ಹೋಳುಮಾಡಿ ಕೆಲವೇ ದಿನ ಒಣಗಿಸಿದ ಆ ತಿರುಳು ಹಡಗಿನ ಒಡಲಲ್ಲಿ ಕಮಟಿ, ಅದರ ಘಾಟೂ ಅದರಲ್ಲಿ ಹುಟ್ಟುವ ಸಣ್ಣ ಹುಳುಗಳೂ ಊಟದ ತಟ್ಟೆಯವರೆಗೂ ಬರುತ್ತಿದ್ದುವು. 1888ರಲ್ಲಿ ತಂದೆಯಿಂದ ಬಂದ ಹಣದ ಬಲದಿಂದ ‘ಕ್ಯಾಸ್ಕೊ’ ಎಂಬ ವಿಲಾಸನೌಕೆಯನ್ನು ಬಾಡಿಗೆಗೆ ಹಿಡಿದು ಹೊರಟ ಲೇಖಕ ರಾಬರ್ಟ್ ಲೂಯಿ ಸ್ಟೀವನ್‌ಸನ್ನನು ಕೂಡ ಮರುವರ್ಷ ಗಿಲ್ಬರ್ಟ್ ದ್ವೀಪಗಳಿಗೆ ಹೋಗುವಾಗ ‘ಈಕ್ವೇಟರ್’ ಎಂಬ ಕೊಬ್ಬರಿಯ ಹಡಗನ್ನೇ ಹತ್ತಬೇಕಾಯಿತು.

ಸ್ಟೀವನ್‌ಸನ್ನನಿಗಿಂತ ಹದಿನೈದು ವರ್ಷ ಮುಂಚೆ, 1873ರ ಜನವರಿಯಲ್ಲಿ, ಇಸಬೆಲ್ಲಾ ಬರ್ಡ್ ಎಂಬ ಇಂಗ್ಲೆಂಡಿನ ಪಾದ್ರಿಯೊಬ್ಬರ ಮಗಳು ಆಕ್ಲೆಂಡಿನಿಂದ ‘ನೆವಾಡ’ ಎಂಬ ಜೀರ್ಣಗೊಂಡ ಉಗಿಹಡಗಿನಲ್ಲಿ ಹೊನಲುಲುವಿಗೆ ಬಂದಿಳಿದಳು. ಆಕೆಗಾಗ 41 ವರ್ಷ, ಮದುವೆಯಿಲ್ಲ, ಬೆನ್ನುಮೂಳೆಯ ಬೇನೆ ಬಾಲ್ಯದಿಂದ ಬೆನ್ನುಹತ್ತಿತ್ತು. ಹವಾಯಿಯನ್ನು ನೋಡುವುದು ಆಕೆಯ ಉದ್ದೇಶವೇ ಆಗಿರಲಿಲ್ಲ. ಕ್ಯಾಲಿಫೋರ್ನಿಯಾಕ್ಕೆ ಹೊರಟವಳು, ಹಡಗಿನಲ್ಲಿ ಕಾಯಿಲೆಬಿದ್ದ ಸಹಪ್ರಯಾಣಿಕನ ತಾಯಿಗೆ ನೆರವಾಗಲೆಂದು ಇಳಿದು, ತಿಂಗಳುಗಟ್ಟಲೆ ನಿಂತುಬಿಟ್ಟಳು. ಪಕ್ಕಕ್ಕೆ ಕಾಲಿಳಿಬಿಟ್ಟು ಕೂರುವ ಇಂಗ್ಲಿಷ್ ಹೆಂಗಸರ ಜೀನನ್ನು ಬೆನ್ನುನೋವಿನ ನಿಮಿತ್ತ ತೊರೆದು, ಅಲ್ಲಿನ ಸ್ತ್ರೀಯರಂತೆ ಗಂಡುಸವಾರಿ ಮಾಡಲು ಕಲಿತ ಮೇಲೆ ಆಕೆಗೆ ಹವಾಯಿಯ ಕಣಿವೆಗಳೂ ಜ್ವಾಲಾಮುಖಿಗಳೂ ತೆರೆದುಕೊಂಡುವು. ಮೌನಲೋವದ ನೆತ್ತಿಯನ್ನೂ ಏರಿದಳು. ರಾತ್ರಿ ತಂಗಿದುದು ಒಮ್ಮೆ ಮಿಷನರಿಯ ಮನೆಯಲ್ಲಿ, ಒಮ್ಮೆ ದನಗಾಹಿಗಳ ಬಿಡಾರದಲ್ಲಿ, ಇನ್ನೊಮ್ಮೆ ಹುಲ್ಲಿನ ಮನೆಯ ಚಾಪೆಯ ಮೇಲೆ, ಅಪರಿಚಿತ ಕುಟುಂಬದ ಮಕ್ಕಳುಮರಿಗಳ ನಡುವೆ. ಛತ್ರವಿಲ್ಲದ ನಾಡಿನಲ್ಲಿ ಮನೆಗಳೇ ಛತ್ರಗಳಾದುವು. ಪ್ರವಾಸಕಥನಕಾರರಲ್ಲಿ ನಾನು ಬಹುವಾಗಿ ಮೆಚ್ಚುವವಳು ಈಕೆ, ಏಕೆಂದರೆ ಅನ್ನವಿಟ್ಟವರನ್ನು ಆಕೆ ಮರೆಯುವುದಿಲ್ಲ.

ಇದಕ್ಕೆ ಪ್ರತಿಯಾದ ನಿದರ್ಶನ ಚಿತ್ರಕಾರ ಪಾಲ್ ಗೊಗೇನ್. ಪ್ಯಾರಿಸಿನಲ್ಲಿ ಚಿತ್ರಗಳನ್ನು ಹರಾಜುಹಾಕಿ, ಸರಕಾರದಿಂದ ಸಂಬಳವಿಲ್ಲದ ನಿಯೋಗವೊಂದನ್ನು ಪಡೆದು, 1891ರ ಜೂನಿನಲ್ಲಿ, 43ರ ವಯಸ್ಸಿಗೆ, ಬಹುತೇಕ ವೆಚ್ಚವಿಲ್ಲದೆ ಬದುಕಬಹುದಾದ ಸ್ವರ್ಗವನ್ನು ಅರಸಿ ಆತ ತಹೀತಿಗೆ ಬಂದನು. ಪಪೀತೆ ಪಟ್ಟಣ ದುಬಾರಿಯಾಗಿತ್ತು. ಹಳ್ಳಿಗೆ ಹೋದರೆ ಇನ್ನೂ ವಿಚಿತ್ರ: ಕಾಡಿನಲ್ಲಿ ಹಣ್ಣು, ಕಡಲಲ್ಲಿ ಮೀನು ಧಾರಾಳವಾಗಿದ್ದರೂ ಮರವೇರಲು, ಬಲೆಬೀಸಲು ಬಾರದ ಪಟ್ಟಣಿಗನಿಗೆ ಅವೆಲ್ಲ ಇದ್ದೂ ಇಲ್ಲದಂತೆ. ಆಗ ನೆರೆಮನೆಯವರು ಉಣ್ಣಬನ್ನಿರೆಂದು ಕೂಗಿ ಕರೆದುದನ್ನೂ, ತಾನು ಅಭಿಮಾನದಿಂದ ತಲೆಯಾಡಿಸಿ ಒಲ್ಲೆನೆಂದುದನ್ನೂ, ಸ್ವಲ್ಪ ಹೊತ್ತಿನಲ್ಲಿ ಮಗುವೊಂದು ಸದ್ದಿಲ್ಲದೆ ಬಂದು ಹಸಿಯೆಲೆಯಲ್ಲಿ ಸುತ್ತಿದ ಊಟವನ್ನು ಬಾಗಿಲಲ್ಲಿಟ್ಟು ಹೋದುದನ್ನೂ ಆತನೇ ಬರೆದಿದ್ದಾನೆ. ಉಂಡ ಊರಿನಲ್ಲಿ, ಅದರಲ್ಲೂ ಎಳೆಯ ಹುಡುಗಿಯರ ವಿಷಯದಲ್ಲಿ, ಆತ ನಡೆದುಕೊಂಡ ರೀತಿ ಅವನ ಚಿತ್ರಗಳ ಬೆಡಗಿನಿಂದ ಮುಚ್ಚಿಹೋಗುವಂತಹುದಲ್ಲ.

ಆದರೆ ಒಂಟಿಯಾನವೆಂಬ ಮಾತಿಗೆ ಪೂರ್ಣಾರ್ಥದಲ್ಲಿ ಪಾತ್ರನಾದವನು ಜೋಶುವಾ ಸ್ಲೋಕಂ. ಉಗಿಹಡಗುಗಳು ಬಂದು ಹಾಯಿಹಡಗುಗಳ ಕಾಲ ಮುಗಿಯುತ್ತಿದ್ದಾಗ ಕಸುಬು ಕಳೆದುಕೊಂಡ ಕಪ್ತಾನನೀತ. ಗೆಳೆಯನೊಬ್ಬನು ಅರೆಹಾಸ್ಯದಿಂದ ಕೊಟ್ಟ, ಮ್ಯಾಸಚೂಸೆಟ್ಸ್ ಪ್ರಾಂತದ ಹೊಲವೊಂದರಲ್ಲಿ ಲಡ್ಡುಹಿಡಿದು ಬಿದ್ದಿದ್ದ ಹಳೆಯ ದೋಣಿಯನ್ನು, 13 ತಿಂಗಳ ಸ್ವಂತ ದುಡಿಮೆ, 553 ಡಾಲರು 62 ಸೆಂಟುಗಳ ಸಾಮಗ್ರಿ ಇವುಗಳಿಂದ ಮತ್ತೆ ಕಟ್ಟಿ, ‘ಸ್ಪ್ರೇ’ ಎಂಬ ಹೆಸರನ್ನುಳಿಸಿಕೊಂಡು, 1895ರ ಏಪ್ರಿಲಿನಲ್ಲಿ, 51ರ ವಯಸ್ಸಿನಲ್ಲಿ ಬಾಸ್ಟನ್ನಿನಿಂದ ಹೊರಟನು. ನೌಕಾಯಾನಕ್ಕೆ ಅತ್ಯಾವಶ್ಯಕವಾದ ಗಡಿಯಾರವನ್ನು ಕೊಳ್ಳುವಾಗಲೂ, ಒಂದೂವರೆ ಡಾಲರಿನ ತಗಡಿನ ಗಡಿಯಾರದ ಮುಖ ಒಡೆದಿತ್ತೆಂದು ಚೌಕಾಸಿಮಾಡಿ ಒಂದು ಡಾಲರಿಗೆ ತಂದವನು! ಮೆಗಲನ್ ಜಲಸಂಧಿಯಲ್ಲಿ ಒಡೆದ ಹಡಗಿನ ಸರಕಾಗಿ ತೇಲಿಬಂದಿದ್ದ ಕೊಬ್ಬಿನ ಪೀಪಾಯಿಗಳನ್ನು ಹೆಕ್ಕಿ ತುಂಬಿಕೊಂಡನು. ಹುವಾನ್ ಫರ್ನಾಂಡಿಸ್ ದ್ವೀಪದಲ್ಲಿ ಲಂಗರು ಹಾಕಿ, ಆ ಕೊಬ್ಬಿನಲ್ಲೇ ಹಿಟ್ಟಿನ ಬಳೆಗಳನ್ನು ಕರಿದು, ಕಾಫಿಯೊಡನೆ ದ್ವೀಪದವರಿಗೆ ಬಡಿಸಿ, ಕರಿಯುವ ಬಗೆಯನ್ನೂ ಕಲಿಸಿದನು. ಅವರು ಬೆಲೆಯಾಗಿ ಕೊಟ್ಟುದು ಅಲ್ಲಿನ ಕೊಲ್ಲಿಯಲ್ಲಿ ಹಿಂದೆಂದೋ ಮುಳುಗಿದ ಹಡಗಿನ ಪುರಾತನ ನಾಣ್ಯಗಳನ್ನು.

ಅಲ್ಲಿಂದ 72 ದಿನ ಎಲ್ಲಿಯೂ ಇಳಿಯದೆ ಸಾಗಿ 1896ರ ಜುಲೈಯಲ್ಲಿ ಅಪಿಯಾವನ್ನು ಸೇರಿದಾಗ, ಚಿಕ್ಕ ದೋಣಿಯಲ್ಲಿ ಎದುರುಗೊಂಡ ಸಮೋವದ ಹೆಂಗಸರು ಆತ ಒಬ್ಬನೇ ಬಂದನೆಂಬ ಮಾತನ್ನು ನಂಬಲಿಲ್ಲ. ಬೇರೆಯವರೂ ಇದ್ದಿರಬೇಕು, ಈತ ಅವರನ್ನು ತಿಂದುಬಿಟ್ಟಿರಬೇಕು ಎಂದು ನಕ್ಕರಂತೆ. ಈ ನಗೆಯಲ್ಲಿ ಒಂದು ನಾಗರಿಕತೆಯ ತೀರ್ಪೇ ಅಡಗಿದೆ. ನಕ್ಷತ್ರಗಳನ್ನೂ ಅಲೆಗಳ ಮಡಿಕೆಗಳನ್ನೂ ಓದಿ ಸಾವಿರಾರು ಮೈಲಿ ಜೋಡಿದೋಣಿಗಳಲ್ಲಿ ಸಂಚರಿಸಿ ದ್ವೀಪದ ಮೇಲೆ ದ್ವೀಪವನ್ನು ನೆಲೆಗೊಳಿಸಿದ ಆ ಜನರು, ಹೆಂಡತಿ ಮಕ್ಕಳು, ಹಂದಿ ಕೋಳಿ, ನೆಡುವ ಗೆಡ್ಡೆಗಳೊಡನೆ ಕುಲವೇ ಹೊರಟಂತೆ ಹೊರಡುತ್ತಿದ್ದವರು. ಒಬ್ಬಂಟಿಯಾಗಿ ಕಡಲಿಗಿಳಿಯುವುದು ಅವರ ಕಣ್ಣಿಗೆ ಸಾಹಸಕ್ಕಿಂತ ಹೆಚ್ಚಾಗಿ ದೌರ್ಭಾಗ್ಯ. ಅಪಿಯಾದ ಬಳಿಯ ವೈಲಿಮದ ಮನೆಯಲ್ಲಿ, ಅಲ್ಲಿಯೇ ನೆಲೆಸಿ ತೀರಿಕೊಂಡಿದ್ದ ಸ್ಟೀವನ್‌ಸನ್ನನ ವಿಧವೆ ಸ್ಲೋಕಂನನ್ನು ಸತ್ಕರಿಸಿ ಗಂಡನ ನೌಕಾಮಾರ್ಗದರ್ಶಿಗ್ರಂಥಗಳನ್ನು ಕೊಟ್ಟು ಕಳುಹಿಸಿದಳು. ಆತ ಭೂಮಿಯನ್ನು ಸುತ್ತಿ 1898ರ ಜೂನಿನಲ್ಲಿ ಊರು ಸೇರಿದನು.

ಸ್ಲೋಕಂನ ದಾರಿಯನ್ನು ಹಿಡಿದ ಹ್ಯಾರಿ ಪಿಜನ್ನನು ಸಮುದ್ರವಿಲ್ಲದ ಅಯೋವದ ಒಕ್ಕಲಮಗ, ಕಸುಬಿನಿಂದ ಛಾಯಾಚಿತ್ರಗಾರ. ಸುಮಾರು ಸಾವಿರ ಡಾಲರಿನ ಸಾಮಗ್ರಿಯಿಂದ 34 ಅಡಿಯ ದೋಣಿಯನ್ನು ತಾನೇ ಕಟ್ಟಿ, ನೌಕಾಶಾಸ್ತ್ರವನ್ನು ಸಾರ್ವಜನಿಕ ಪುಸ್ತಕಾಲಯದಲ್ಲಿ ಓದಿಕೊಂಡು, 1921ರಲ್ಲಿ ಐವತ್ತು ದಾಟಿದ ವಯಸ್ಸಿನಲ್ಲಿ ಲಾಸ್ ಏಂಜಲಿಸಿನಿಂದ ಹೊರಟು, ಮಾರ್ಕೇಸಸ್, ತಹೀತಿ, ಸಮೋವ, ಫಿಜಿಗಳನ್ನು ಅವಸರವಿಲ್ಲದೆ ನೋಡುತ್ತ ನಾಲ್ಕು ವರ್ಷಗಳಲ್ಲಿ ಭೂಪ್ರದಕ್ಷಿಣೆ ಮುಗಿಸಿದನು. ಸಾಲದೆಂದು ಎರಡನೆಯ ಬಾರಿಯೂ ಹೋಗಿಬಂದನು.

ಇದೇ ಸಾಗರದಲ್ಲಿ ನಮ್ಮವರು ಮಾಡಿದ ಪ್ರಯಾಣ ಮಾತ್ರ ಬೇರೆ ತೆರನಾದುದು. 1879ರ ಮೇ 14ರಂದು ‘ಲಿಯೊನಿದಾಸ್’ ಹಡಗು ಭಾರತದ ಕರಾರುಕೂಲಿಗಳ ಮೊದಲ ತಂಡವನ್ನು ಫಿಜಿಗೆ ತಂದಿತು. 1903ರಿಂದ ಮದರಾಸಿನ ಬಂದರಿನಿಂದಲೂ ಹಡಗುಗಳು ಹೊರಟುವು. 1916ರ ವೇಳೆಗೆ ಅರವತ್ತು ಸಾವಿರಕ್ಕೆ ಮಿಕ್ಕಿದ ಜನ ಕಬ್ಬಿನ ಗದ್ದೆಗಳಿಗೆ ಸಾಗಿದ್ದರು. ಬಿಡಿಕಾಸಿಲ್ಲದೆ ಪೆಸಿಫಿಕ್ಕನ್ನು ದಾಟಿದವರೆಂದರೆ ಇವರೇ, ಮತ್ತು ಅತ್ಯಂತ ದೊಡ್ಡ ಬೆಲೆ ತೆತ್ತವರೂ ಇವರೇ. ಇಂದು ಸುವಾ, ನಾಂದಿಗಳಲ್ಲಿ ಮಿತವ್ಯಯದ ಯಾತ್ರಿಕನ ಹೊಟ್ಟೆ ತುಂಬಿಸುವ ರೊಟ್ಟಿಪಲ್ಯ ಇವರ ಮೊಮ್ಮಕ್ಕಳ ಅಂಗಡಿಗಳದು.

ವಿಮಾನ ಬಂದು ದೂರವನ್ನು ಕುಗ್ಗಿಸಿತು, ಬೆಲೆಯನ್ನಲ್ಲ. 1951ರಲ್ಲಿ ಆಕ್ಲೆಂಡಿನಿಂದ ಫಿಜಿ, ಸಮೋವ, ಐತುತಾಕಿಗಳ ಮೂಲಕ ತಹೀತಿಗೆ ಹಾರತೊಡಗಿದ ಜಲವಿಮಾನಗಳು ಶ್ರೀಮಂತರ ವಾಹನಗಳು. ಇಂಧನ ತುಂಬುವಷ್ಟು ಹೊತ್ತು ಪ್ರಯಾಣಿಕರು ಹವಳದ ಮಡುವಿನಲ್ಲಿ ಈಜುತ್ತಿದ್ದರು. 1968ರಿಂದ ಮೈಕ್ರೊನೇಷ್ಯದ ದ್ವೀಪದಿಂದ ದ್ವೀಪಕ್ಕೆ ನೆಗೆಯುತ್ತ ಹೊನಲುಲು–ಗುವಾಮ್‌ಗಳ ನಡುವೆ ಹಾರುವ ವಿಮಾನವೊಂದು ಇಂದಿಗೂ ಇದೆ. ಪಪೀತೆಯಿಂದ ಮಾರ್ಕೇಸಸಿಗೆ ಸಿಮೆಂಟು, ಹಿಟ್ಟು ಹೊತ್ತು ಕೊಬ್ಬರಿ ತರುವ ‘ಅರಾನುಯಿ’ ಹಡಗು 1984ರಿಂದ ಪ್ರವಾಸಿಗರನ್ನೂ ಹತ್ತಿಸಿಕೊಳ್ಳುತ್ತ ಬಂದು, ಈಗ ಬಡವರ ಕೈಗೆ ನಿಲುಕದ ವಿಹಾರನೌಕೆಯಾಗಿದೆ.

ಆದುದರಿಂದ ಇಂದಿನ ಒಂಟಿಗನು ಇಡೀ ಸಾಗರವನ್ನು ಸುತ್ತುವ ಹಂಬಲವನ್ನು ತೊರೆದು, ಬಿರುಗಾಳಿಯ ಕಾಲವಾದ ನವೆಂಬರಿನಿಂದ ಏಪ್ರಿಲಿನವರೆಗಿನ ತಿಂಗಳುಗಳನ್ನು ಬಿಟ್ಟು, ಫಿಜಿ ಸಮೋವಗಳಂತಹ ಎರಡು ನಾಡುಗಳನ್ನಾರಿಸಿಕೊಂಡು ನಿಧಾನವಾಗಿ ಇರುವುದೇ ಜಾಣತನ. ಸಮೋವದಲ್ಲಿ ಮುಲಿಫನುವದಿಂದ ಸಲೆಲೊಲೊಗಕ್ಕೆ ಹೋಗುವ ದೋಣಿಯೂ, ಗೋಡೆಯಿಲ್ಲದೆ ಚಾಪೆ, ಸೊಳ್ಳೆಪರದೆಗಳಷ್ಟೇ ಇರುವ ಫಾಲೆಗಳೆಂಬ ಕಡಲಂಚಿನ ಗುಡಿಸಲುಗಳೂ ಅಗ್ಗ. ಫಿಜಿಯ ಹಳ್ಳಿಗೆ ಹೋಗುವವನು ಸುವಾದ ಮಾರುಕಟ್ಟೆಯಲ್ಲಿ ಕಾಗದದಲ್ಲಿ ಸುತ್ತಿ ಮಾರುವ ಯಾಂಗೋನಾ ಎಂಬ ಪಾನೀಯದ ಬೇರಿನ ಕಟ್ಟೊಂದನ್ನು ಕೊಂಡು, ಟೋಪಿಯನ್ನು ತೆಗೆದು, ಚಾಪೆಯ ಮೇಲೆ ಕುಳಿತು ಗ್ರಾಮದ ಹಿರಿಯನ ಮುಂದಿಟ್ಟು ಅನುಮತಿ ಬೇಡಬೇಕು. ಸೆವುಸೆವು ಎಂಬ ಆ ವಿಧಿ ಮುಗಿದ ಮೇಲೆಯೇ ಆತ ಅತಿಥಿ. ಪ್ರಯಾಣದ ಅಂದಾಜುಪಟ್ಟಿಯನ್ನು ಬರೆಯಹೊರಟ ವಾಚಕರು ವಿಮಾನದ ಟಿಕೇಟಿಗಿಂತ ಮೇಲೆ, ಮೊದಲನೆಯ ಸಾಲಿನಲ್ಲಿ, ಆ ಬೇರಿನ ಕಟ್ಟಿನ ಬೆಲೆಯನ್ನು ಬರೆದುಕೊಳ್ಳಲಿ.